ಸುಶೀಲವ್ವನ ಚಾರ್ಜು

ಚಾರ್ಜು ಅಂದರೆ ಏನು ಅಂತ ಬೇರೆ ಯಾರನ್ನಾದರೂ ಕೇಳಿ, ಬಸ್ ಚಾರ್ಜು ಅಂದಾರು, ಮೊಬೈಲ್ ಚಾರ್ಜು ಅಂದಾರು. ಸುಶೀಲಾಳನ್ನು ಮಾತ್ರ ಕೇಳಬೇಡಿ. ಕೇಳಿದರೆ ಆಕೆ ತೋರುಬೆರಳನ್ನು ನೆತ್ತಿಯ ಮೇಲಿಟ್ಟು ಕಿವಿಯ ತನಕ ಒಂದು ಗೆರೆ ಎಳೆದು ತೋರಿಸುತ್ತಾಳೆ. ಅವಳ ಅಪ್ಪನ ತಲೆ ಒಡೆದದ್ದು ಅಷ್ಟುದ್ದ.

ಬೆಟಗೇರಿಯಲ್ಲಿ ಚನ್ನಬಸಪ್ಪನದು ಸೈಕಲ್ ರಿಪೇರಿ ಅಂಗಡಿ. ಮಗಳು ಐದನೇ ಇಯತ್ತೆಗೆ ಬಂದಳು ಅಂತ ಕಂಪಾಸ್ ಬಾಕ್ಸ್ ಕೊಡಿಸಲು ಗದಗದ ಬಜಾರಿಗೆ ಕರೆದೊಯ್ದಿದ್ದ. ಅಲ್ಲಿ ಯಾವುದೋ ಗಲಾಟೆ. ಯಾರದು, ಯಾತರದು ಅಂತ ಇಬ್ಬರಿಗೂ ಗೊತ್ತಿಲ್ಲ. "ಚಾರ್ಜ್ ಆತು! ಲಾಠಿ ಚಾರ್ಜ್! ಓಡ್ರೋ!" ಅಂತ ಯಾರೋ ಒದರಿದರು. ಮಗಳನ್ನು ಗೋಡೆಗೆ ಒತ್ತಿ ಅವಳ ಮೇಲೆ ಬಾಗಿ ನಿಂತ ಚನ್ನಬಸಪ್ಪನಿಗೆ ತಲೆಗೊಂದು, ಬೆನ್ನಿಗೆ ಮೂರು ಏಟು ಬಿದ್ದವು. ಬೆನ್ನಿನ ಏಟುಗಳ ಸದ್ದು ಸುಶೀಲಾಗೆ ಅಪ್ಪನ ಎದೆಯೊಳಗಿಂದ ಕೇಳಿಸಿತು. ಅವಳ ಲಂಗವೆಲ್ಲ ರಕ್ತವಾಯಿತು. ಸರ್ಕಾರಿ ದವಾಖಾನೆಯಲ್ಲಿ ಹೊಲಿಗೆ ಹಾಕುವ ಮುಂಚೆ ಡಾಕ್ಟರು ಇದು ಹೇಗಾಯಿತು ಅಂತ ಕೇಳಿದರು. ಬಾಗಿಲಲ್ಲಿ ಒಬ್ಬ ಪೊಲೀಸ್ ನಿಂತಿದ್ದ.

"ಸೈಕಲ್ ಮ್ಯಾಲಿಂದ ಬಿದ್ನಿರಿ ಸಾಹೇಬ್ರ," ಅಂದ ಚನ್ನಬಸಪ್ಪ. ಅನ್ನುತ್ತಲೇ ಮಗಳ ಕೈ ಹಿಸುಕಿದ.

ಸುಶೀಲಾ ಬಾಯಿ ಮುಚ್ಚಿಕೊಂಡಳು. ಹತ್ತು ವರ್ಷದ ಹುಡುಗಿ ಮತ್ತೇನು ಮಾಡಿಯಾಳು? ಆದರೆ ಮೂವತ್ತು ವರ್ಷವಾದರೂ ಆ ಸಿಟ್ಟು ಅವಳಿಗೆ ಇಳಿದಿಲ್ಲ. ಪೊಲೀಸನ ಮೇಲಿನದಲ್ಲ, ತನ್ನ ಮೇಲಿನದು. ಸೈಕಲ್ಲಿನಿಂದ ಬಿದ್ದವರ ಬೆನ್ನ ಮೇಲೆ ಸಾಲಾಗಿ ಮೂರು ಬಾಸುಂಡೆ ಏಳುತ್ತವೇನು? ಡಾಕ್ಟರೂ ಅದನ್ನು ನೋಡಿದರು. ಬರೆದುಕೊಂಡದ್ದು ಮಾತ್ರ ಬಿದ್ದ ಅಂತಲೇ.

ನರ್ಸಿಂಗ್ ಓದಿ ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿದಾಗ ಆ ಶಬ್ದ ಮತ್ತೆ ಎದುರಾಯಿತು. ಅಲ್ಲಿ ಪಾಳಿ ಮುಗಿಸಿದವರು ಚಾರ್ಜ್ ಕೊಟ್ಟು ಹೋಗುತ್ತಾರೆ, ಬಂದವರು ಚಾರ್ಜ್ ತಗೊಳ್ಳುತ್ತಾರೆ. ನ್ಯೂಜಿಲೆಂಡಿಗೆ ಬಂದ ಮೇಲಂತೂ ಕೇಳಲೇಬೇಡಿ. ಮೊದಲ ತಿಂಗಳೇ ಪಕ್ಕೆಲುಬು ಮುರಿದುಕೊಂಡು ಬಂದ ರೈತನೊಬ್ಬ, ಗೂಳಿ ತನ್ನ ಮೇಲೆ ಚಾರ್ಜ್ ಮಾಡಿತು ಅಂದ. ಖಾಕಿ ತೊಟ್ಟ ಗೂಳಿಯೊಂದು ಕಣ್ಣ ಮುಂದೆ ಬಂದು ಸುಶೀಲಾ ನಕ್ಕೇಬಿಟ್ಟಳು. ಅವನ ಎದೆ ಮುಟ್ಟಿದಾಗ ಮೂಳೆ ಬೆರಳ ಕೆಳಗೆ ಕರಕ್ ಅಂದಿತು, ನಗು ಅಲ್ಲೇ ಅಡಗಿತು. ಲಯ ತಪ್ಪಿದ ಹೃದಯಕ್ಕೆ ಕರೆಂಟು ಕೊಡುವ ಯಂತ್ರಕ್ಕೂ ಚಾರ್ಜು. ಪೊಲೀಸರು ಕೋರ್ಟಿಗೆ ಎಳೆದರೆ ಅದೂ ಚಾರ್ಜು. ಕೊನೆಗೆ ಅವಳ ಎದೆಯ ಮೇಲಿನ ಬಿಲ್ಲೆಯಲ್ಲೂ ಅದೇ ಶಬ್ದ: ಎಮರ್ಜೆನ್ಸಿ ವಿಭಾಗದ ಚಾರ್ಜ್ ನರ್ಸ್.

"ಇಂಗ್ಲಿಷಿನವರಿಗೆ ಶಬ್ದಕ್ಕ ಬರಗಾಲ ಬಿದ್ದೈತಿ ನೋಡ್ರಿ," ಅಂತ ಗಂಡನಿಗೆ ಹೇಳುತ್ತಿದ್ದಳು. "ಹೊಡದ್ರೂ ಚಾರ್ಜು, ಹೊಡದವನ್ನ ಹಿಡದ್ರೂ ಚಾರ್ಜು, ಹೊಡಸ್ಕೊಂಡವರನ್ನ ಉಳಸೂದೂ ಚಾರ್ಜು."

ಗಂಡ ಉದಯಶಂಕರ್ ಹಾಲು ಕರೆಯುವ ಯಂತ್ರ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಮನೆ ಪಾಮರ್ಸ್ಟನ್ ನಾರ್ತಿನಲ್ಲಿ. ರಸ್ತೆಗಳೆಲ್ಲ ಚಪ್ಪಟೆ ಇರುವ ಊರು, ಆತ ಕೆಲಸಕ್ಕೆ ಸೈಕಲ್ಲಿನ ಮೇಲೇ ಹೋಗುತ್ತಾನೆ. ಕಾರು ಸುಶೀಲಾಳದು; ಅವಳ ಆಸ್ಪತ್ರೆ ನಲವತ್ತು ನಿಮಿಷ ಆಚೆ, ಹುಲ್ಲುಗಾವಲುಗಳ ನಡುವಿನ ಇನ್ನೊಂದು ಸಣ್ಣ ಊರಲ್ಲಿ. ಆ ಊರಿನ ಹೆಸರು ನಮಗೆ ಬೇಡ. ಎಮರ್ಜೆನ್ಸಿಯಲ್ಲಿ ಯಾವ ಹಾಸಿಗೆಗೆ ಯಾರು, ಯಾವ ಡಾಕ್ಟರನ್ನು ಯಾವಾಗ ಕೂಗಬೇಕು, ಕುಡಿದು ಬಂದು ಗಲಾಟೆ ಮಾಡುವವನ ಕೊರಳಪಟ್ಟಿ ಯಾರು ಹಿಡಿಯಬೇಕು, ಎಲ್ಲ ಅವಳದೇ ತೀರ್ಮಾನ. ಕೊರಳಪಟ್ಟಿಯನ್ನು ಸಾಮಾನ್ಯವಾಗಿ ಅವಳೇ ಹಿಡಿಯುತ್ತಿದ್ದಳು.

ಫೆಬ್ರುವರಿ ಕೊನೆಯ ಒಂದು ಬೆಳಿಗ್ಗೆ ರೋಗಿಗಳ ಪಟ್ಟಿಯಲ್ಲಿ ಕನ್ನಡದ ಹೆಸರೊಂದು ಕಂಡಿತು: ವೇದಾ. ಮೈಸೂರಿನವಳು, ಮೂವತ್ತೆರಡು ವರ್ಷ, ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಕೆಲಸ. ಸುಶೀಲಾಗೆ ಮುಖಪರಿಚಯವಿತ್ತು. ಅವಳ ಗಂಡ ಚಂದ್ರಮೌಳಿಯ ಪರಿಚಯ ಇಲ್ಲದ ಕನ್ನಡಿಗ ಆ ಸೀಮೆಯಲ್ಲೇ ಇಲ್ಲ. ರಾಜ್ಯೋತ್ಸವಕ್ಕೆ ಮೈಕು ಅವನದು, ಭಾಷಣ ಅವನದು, ಊಟಕ್ಕೆ ಕೂತವರಿಗೆ "ಇನ್ನೊಂಚೂರು ಹಾಕಿಸ್ಕೊಳ್ಳಿ ಅಮ್ಮ" ಅಂತ ಉಪಚಾರ ಮಾಡುವವನೂ ಅವನೇ.

ವೇದಾಳ ಬಲ ಮಣಿಕಟ್ಟು ಮುರಿದಿತ್ತು. "ಬಾತ್‌ರೂಮಲ್ಲಿ ಜಾರಿ ಬಿದ್ದೆ ಅಕ್ಕ," ಅಂದಳು. ಸುಶೀಲಾ ಪರದೆ ಎಳೆದಳು. ತೋಳು ಮೇಲೆತ್ತಿ ನೋಡಿದಳು; ಹಳದಿಗೆ ತಿರುಗಿದ ಬೆರಳಿನ ಗುರುತುಗಳು, ನಾಲ್ಕು ಈ ಕಡೆ, ಒಂದು ಆ ಕಡೆ.

"ಬಾತ್‌ರೂಮಿಗೆ ಬೆರಳ ಅದಾವೇನ ತಂಗಿ?" ಅಂತ ಕೇಳಿದಳು.

ಅಷ್ಟೇ ಸಾಕಾಯಿತು. ವೇದಾ ಅತ್ತಳು, ಹೇಳಿದಳು. ಸಾರಿಗೆ ಉಪ್ಪು ಜಾಸ್ತಿಯಾದರೆ ಒಂದು ಹೊಡೆತ, ಕೆಲಸದಿಂದ ಹತ್ತು ನಿಮಿಷ ತಡವಾದರೆ ಒಂದು. ಈ ಸಲ ಕೈಯನ್ನು ಬಾಗಿಲ ಸಂದಿಗಿಟ್ಟು ಬಾಗಿಲು ಒದ್ದಿದ್ದ. ಸುಶೀಲಾ ಮಾಡಬೇಕಾದ್ದೆಲ್ಲ ಮಾಡಿದಳು: ಸಮಾಜಸೇವಕಿಯನ್ನು ಕರೆಸಿದಳು, ಕಡತದಲ್ಲಿ ಬರೆದಳು. ಪೊಲೀಸ್ ಮಾತ್ರ ಬೇಡವೇ ಬೇಡ ಅಂತ ವೇದಾ ಕಾಲು ಹಿಡಿಯಲು ಬಂದಳು. ಅವಳ ಜೊತೆ ಕೆಲಸ ಮಾಡುವ ಜೂನ್ ಎಂಬ ಮುದುಕಿಗೆ ಸಮುದ್ರದ ದಂಡೆಯಲ್ಲೊಂದು ಬಾಚ್ ಇತ್ತು. ರಜೆಗೆ ಹೋಗಿ ಇರುವ ಪುಟ್ಟ ಮರದ ಮನೆಗೆ ಇಲ್ಲಿ ಹಾಗನ್ನುತ್ತಾರೆ. ವೇದಾ ಆಸ್ಪತ್ರೆಯಿಂದ ಸೀದಾ ಅಲ್ಲಿಗೆ ಹೋದಳು. ಆ ವಿಳಾಸ ಗೊತ್ತಿದ್ದದ್ದು ಜೂನ್, ಸಮಾಜಸೇವಕಿ, ಸುಶೀಲಾ, ಈ ಮೂವರಿಗೆ.

ತಿಂಗಳಾಯಿತು. ಯುಗಾದಿ ಆ ವರ್ಷ ಭಾನುವಾರವೇ ಬಂದಿತ್ತು. ಶಾಲೆಯೊಂದರ ಹಾಲಿನಲ್ಲಿ ಕನ್ನಡದವರೆಲ್ಲ ಸೇರಿದ್ದರು, ಒಬ್ಬೊಬ್ಬರು ಒಂದೊಂದು ಅಡುಗೆ ಮಾಡಿ ತಂದಿದ್ದರು. ಚಂದ್ರಮೌಳಿ ಈ ಸಲ ಮೈಕಿನ ಹತ್ತಿರ ಹೋಗಲಿಲ್ಲ. ಗಡ್ಡ ಬಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದ. ಊಟವಾದ ಮೇಲೆ ಸುಶೀಲಾಳ ಹತ್ತಿರ ಬಂದ, ಕೈಯಲ್ಲಿ ಎರಡು ಅಂತಸ್ತಿನ ಸ್ಟೀಲ್ ಡಬ್ಬಿ.

"ಸುಶೀಲಕ್ಕ, ನಾನು ಪಾಪಿ. ಅವಳಿಗೆ ಮುಖ ತೋರಿಸೋ ಯೋಗ್ಯತೆ ನನಗಿಲ್ಲ," ಅಂದ. ಕಣ್ಣಲ್ಲಿ ನೀರು. "ಎಲ್ಲಿದ್ದಾಳೆ ಅಂತ ನೀವು ಹೇಳಲೂಬೇಡಿ, ನಾನು ಕೇಳಲ್ಲ. ಆದರೆ ವರ್ಷದ ಮೊದಲ ದಿನ ಬೇವು-ಬೆಲ್ಲ ಬಾಯಿಗೆ ಹಾಕದೆ ಇರಬಾರದು ಅಕ್ಕ. ಕೆಳಗೆ ಒಬ್ಬಟ್ಟಿದೆ, ಮೇಲೆ ಬೇವು-ಬೆಲ್ಲ. ನಿಮ್ಮ ಕೈಯಿಂದ ಅಂತ ಕೊಟ್ಟುಬಿಡಿ. ನನ್ನ ಹೆಸರೂ ಹೇಳ್ಬೇಡಿ."

ಸುಶೀಲಾ ಏನು ಕಡಿಮೆ ಚಾಲಾಕಿನವಳೇ? ಎಂಥೆಂಥ ಗಂಡಂದಿರ ಕಣ್ಣೀರು ನೋಡಿದವಳು. ಬೇರೆ ಯಾವನಾದರೂ ಹೂವು ಕೊಟ್ಟಿದ್ದರೆ, ಕಾಗದ ಕೊಟ್ಟಿದ್ದರೆ, ಮುಖದ ಮೇಲೆ ಎಸೆಯುತ್ತಿದ್ದಳು. ಆದರೆ ಹಬ್ಬದ ದಿನ, ಹೋಳಿಗೆ ಡಬ್ಬಿ! ಬೇಡ ಅಂತ ಕೈ ಹಿಂದೆ ತಗೊಳ್ಳಲು ಯಾರಿಗೆ ಬರುತ್ತದೆ ಹೇಳಿ? ಅವಳಿಗೂ ಬರಲಿಲ್ಲ. ಕೈ ತಾನಾಗಿ ಮುಂದೆ ಹೋಯಿತು. ಹುಡುಗಿ ಒಬ್ಬಳೇ ಸಮುದ್ರ ನೋಡುತ್ತ ಕೂತಿರುತ್ತಾಳೆ, ಹಬ್ಬದ ತುತ್ತಿಗೂ ಗತಿಯಿಲ್ಲ ಅನ್ನುವ ಮರುಕವೂ ಸೇರಿತು. ತಾನು ವಿಳಾಸ ಹೇಳುತ್ತಿಲ್ಲವಲ್ಲ ಅಂತ ಸಮಾಧಾನವೂ ಮಾಡಿಕೊಂಡಳು.

ಮಧ್ಯಾಹ್ನವೇ ಕಾರು ಓಡಿಸಿಕೊಂಡು ಹೋದಳು. ದಾರಿಯಲ್ಲಿ ಫೋನು ಟಿಂಗ್ ಅಂದು ಪರದೆಯ ಮೇಲೆ ಏನೋ ಸೂಚನೆ ಮೂಡಿತು. ಚಾರ್ಜು ಮುಗಿಯುತ್ತಿರಬೇಕು ಅಂದುಕೊಂಡು ಓದದೆ ಸರಿಸಿದಳು. ಬಾಚಿನ ಬಾಗಿಲಲ್ಲಿ ಅವಳನ್ನು ಕಂಡು ವೇದಾಳ ಮುಖ ಅರಳಿದ ಪರಿಯೇ ಬೇರೆ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಹೋಳಿಗೆ ತಿಂದರು. ಬರಿದಾದ ಡಬ್ಬಿಯನ್ನು ಬರಿದೇ ಕಳಿಸುವುದುಂಟೇ? ವೇದಾ ಒಳಗೆ ಹೋಗಿ ತೊಳೆದಳು, ಒರೆಸಿದಳು, ಹಿತ್ತಲಲ್ಲಿ ಆಗಷ್ಟೇ ಉದುರುತ್ತಿದ್ದ ಫಿಜೋವಾ ಹಣ್ಣು ತುಂಬಿಕೊಟ್ಟಳು. ಬೀಳ್ಕೊಡುವಾಗ ಸುಶೀಲಾಳ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡಳು.

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಆಂಬುಲೆನ್ಸಿನಿಂದ ಕರೆ ಬಂತು. ಮೂವತ್ತರ ಆಸುಪಾಸಿನ ಹೆಂಗಸು, ಸಮುದ್ರದ ದಂಡೆಯ ಬಾಚ್, ಮೆಟ್ಟಿಲಿಂದ ಬಿದ್ದಳೆಂದು ಗಂಡ ಹೇಳುತ್ತಿದ್ದಾನೆ. ಬಾಚ್ ಅಂದ ಕೂಡಲೇ ಅದು ಯಾರು ಅಂತ ಸುಶೀಲಾಗೆ ಗೊತ್ತಾಯಿತು.

ಸ್ಟ್ರೆಚರ್ ಒಳಗೆ ಬಂದಾಗ ಮುಖದಿಂದ ಗುರುತು ಸಿಗುವಂತಿರಲಿಲ್ಲ. ದವಡೆ ಒಂದು ಕಡೆಗೆ ಜಾರಿತ್ತು. ಒಂದು ಕಣ್ಣು ಮುಚ್ಚಿಹೋಗಿತ್ತು. ಕೊರಳ ಸುತ್ತ ಕೆಂಪು ಗುರುತು. ಹಳೆಯ ಮಣಿಕಟ್ಟಿನ ಬಿಳಿ ಪ್ಲಾಸ್ಟರ್ ಬಿರುಕು ಬಿಟ್ಟು ರಕ್ತ ಹೀರಿಕೊಂಡಿತ್ತು. ಅದನ್ನು ಮುಖಕ್ಕೆ ಅಡ್ಡ ಹಿಡಿದಿದ್ದಳು ಅಂತ ಕಾಣುತ್ತದೆ. ಎದೆಯ ಮೇಲೆ ಬೂಟಿನ ಅಚ್ಚು, ಲೆಕ್ಕ ಹಾಕಬಹುದಾದಷ್ಟು ಸ್ಪಷ್ಟ. ಮೆಟ್ಟಿಲುಗಳು ಬೂಟು ಹಾಕಿಕೊಳ್ಳುತ್ತವೆಯೋ? ಥೂ!

ಡಾಕ್ಟರು ಉಸಿರಿನ ನಳಿಗೆ ಹಾಕುತ್ತಿರುವಾಗಲೇ ಹೃದಯದ ಬಡಿತ ತೋರಿಸುವ ಪರದೆಯ ಮೇಲಿನ ಗೆರೆ ಹುಚ್ಚಾಪಟ್ಟೆ ಕುಣಿಯಿತು. ಎದೆಗೆ ಬಿದ್ದ ಒದೆಗೆ ಹೃದಯ ಲಯ ತಪ್ಪಿತ್ತು. ಒಬ್ಬ ನರ್ಸ್ ಎದೆ ಒತ್ತಲು ಹತ್ತಿದಳು, ಮುರಿದ ಮೂಳೆಗಳ ಮೇಲೇ. ಸುಶೀಲಾ ಯಂತ್ರದ ಮುಂದೆ ನಿಂತು ಗುಂಡಿ ಒತ್ತಿದಳು.

"ಚಾರ್ಜಿಂಗ್! ಎಲ್ಲರೂ ಕೈ ತೆಗೀರಿ!" ಇಂಗ್ಲಿಷಿನಲ್ಲೇ ಕೂಗಿದಳು, ಅದರ ಹಿಂದೆಯೇ ತನಗೇ ತಿಳಿಯದಂತೆ ಬಾಯಿಂದ ಬಂತು: "ಏಳವ್ವಾ ತಂಗಿ, ಏಳು!"

ಮೊದಲ ಸಲಕ್ಕೆ ದೇಹ ಜಿಗಿದು ಬಿತ್ತು, ಗೆರೆ ಹಾಗೆಯೇ ಕುಣಿಯಿತು. ಎರಡು ನಿಮಿಷ ಒತ್ತಿದರು. ಮತ್ತೆ ಗುಂಡಿ. ಎರಡನೇ ಸಲಕ್ಕೆ ಗೆರೆ ಒಮ್ಮೆ ಸಪಾಟಾಗಿ, ತಡೆದು, ಒಂದು ಗುಬ್ಬಚ್ಚಿ ಹೆಜ್ಜೆಯಷ್ಟು ಎದ್ದಿತು. ಇನ್ನೊಂದು. ಮತ್ತೊಂದು. ಸುಶೀಲಾ ಗ್ಲವ್ಸಿನ ಕೈಯಿಂದಲೇ ಬೆವರು ಒರೆಸಿಕೊಂಡಳು.

ಹೊರಗೆ ಸ್ವಾಗತದ ಕಿಟಕಿಯಲ್ಲಿ ಚಂದ್ರಮೌಳಿ ನಿಂತಿದ್ದ. ಆಂಬುಲೆನ್ಸಿನ ಹಿಂದೆಯೇ ತನ್ನ ಯೂಟ್, ಹಿಂದೆ ಸಾಮಾನು ಹೇರುವ ಗಾಡಿ, ಓಡಿಸಿಕೊಂಡು ಬಂದಿದ್ದ. ಗಡ್ಡ ಬೋಳಿಸಿಕೊಂಡಿದ್ದ, ಇಸ್ತ್ರಿ ಅಂಗಿ. ಹೆಂಡತಿಯನ್ನು ನೋಡಬೇಕು ಅಂತ ಮೆತ್ತಗಿನ ಇಂಗ್ಲಿಷಿನಲ್ಲಿ ಕೇಳುತ್ತಿದ್ದ. ಸುಶೀಲಾ ಬಾಗಿಲು ದಾಟಿ ಬಂದು ಬೆನ್ನ ಹಿಂದೆ ಅದನ್ನು ಮುಚ್ಚಿದಳು.

"ಒಳಗ ಬಿಡೂದಿಲ್ಲ," ಅಂದಳು.

ಅವನು ಹತ್ತಿರ ಬಂದ. ಸುತ್ತಲಿನ ಯಾರಿಗೂ ತಿಳಿಯದ ಕನ್ನಡದಲ್ಲಿ, ಹಬ್ಬದ ಉಪಚಾರದ ಅದೇ ದನಿಯಲ್ಲಿ ಹೇಳಿದ: "ಡಬ್ಬಿ ತಲುಪಿಸಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಕ್ಕ. ಡಬ್ಬಿ ಎಲ್ಲೆಲ್ಲಿ ಹೋಯ್ತು ಅಂತ ನನ್ನ ಫೋನ್ ತೋರಿಸ್ತು. ನೀವು ದಾರಿ ತೋರಿಸಿದ್ರಿ, ನಾನು ಬಂದೆ. ಈಗ ಬಾಯಿ ಬಿಟ್ಟರೆ ಮೊದಲು ಹೋಗೋದು ನಿಮ್ಮ ಕೆಲಸ. ಯೋಚನೆ ಮಾಡಿ."

ಸುಶೀಲಾ ಬಾಗಿಲು ಬಿಡಲಿಲ್ಲ. ಅವನು ತಳ್ಳಿದ. ಅವಳು ಅಲುಗಲಿಲ್ಲ. ಆಗ ಆ ಮರ್ಯಾದಸ್ಥನ ಮುಖವಾಡ ಕಳಚಿತು. ಅವಳ ತುರುಬಿಗೆ ಕೈ ಹಾಕಿ ಹಣೆಯನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ಒಂದು, ಎರಡು. ತುಟಿ ಒಡೆದು ಮುಂದಿನ ಹಲ್ಲೊಂದು ನಾಲಿಗೆಯ ಮೇಲೆ ಬಂದು ಬಿತ್ತು. ಮೂರನೆಯದಕ್ಕೆ ಮುಂಚೆ ಸುಶೀಲಾಳ ಕೈಗೆ ಪಕ್ಕದ ಟ್ರಾಲಿಯ ಸ್ಟೀಲ್ ಬೋಗುಣಿ ಸಿಕ್ಕಿತು. ಅವನ ಕಿವಿಯ ಮೇಲೆ ಬಾರಿಸಿದಳು. ಅವನು ತುರುಬು ಬಿಟ್ಟು ಮಂಡಿಯೂರಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಇನ್ನೊಂದು ಬಾರಿಸಿದಳು, ಮೂಗಿನ ಮೇಲೆ, ಬೋಗುಣಿ ಸೊಟ್ಟಗಾಗುವ ಹಾಗೆ. ಕಾವಲುಗಾರರು ಇಬ್ಬರನ್ನೂ ಬೇರೆ ಮಾಡಿದರು. ಆ ಎರಡನೆಯ ಏಟು ಬೇಕಿರಲಿಲ್ಲ ಅಂತ ಅವಳಿಗೆ ಗೊತ್ತು. ಅದು ಕೊಟ್ಟ ಸುಖ ಎಷ್ಟು ಅಂತಲೂ ಗೊತ್ತು.

ಪೊಲೀಸರು ಅವನನ್ನು ಕರೆದೊಯ್ದರು. ವೇದಾಳನ್ನು ಹೆಲಿಕಾಪ್ಟರಿನಲ್ಲಿ ವೆಲ್ಲಿಂಗ್ಟನ್ನಿಗೆ ಕಳಿಸಿದರು, ಔಷಧಿ ಕೊಟ್ಟು ನಿದ್ದೆಯಲ್ಲೇ ಇಟ್ಟು. ತುಟಿಗೆ ಹೊಲಿಗೆ ಹಾಕಿಸಿಕೊಂಡು ಕೂತ ಸುಶೀಲಾಳ ಹತ್ತಿರ ಮಿರಿಯಾಮಾ ಎಂಬ ಕಾನ್‌ಸ್ಟೇಬಲ್ ಬಂದಳು, ದಪ್ಪನೆಯ, ನಿಧಾನದ ಹೆಂಗಸು.

"ನಿನಗೆ ಹೊಡೆದದ್ದಕ್ಕೆ ಅವನ ಮೇಲೆ ಚಾರ್ಜ್ ಹಾಕುತ್ತೇವೆ, ಅದನ್ನು ಎಲ್ಲರೂ ನೋಡಿದ್ದಾರೆ," ಅಂದಳು. "ಬೂಟಿನ ಅಚ್ಚನ್ನೂ ಬಿಡುವುದಿಲ್ಲ. ಆದರೆ ಹೆಂಡತಿಯೇ ಕರೆದಳು, ಮಾತಿಗೆ ಮಾತು ಬೆಳೆಯಿತು, ಅವಳು ಬಿದ್ದಳು, ಗಾಬರಿಯಲ್ಲಿ ತುಳಿದೆ ಅಂತಾನೆ. ಅವನ ಫೋನು ಸಮುದ್ರಕ್ಕೆ ಬಿತ್ತಂತೆ. ಅವಳು ಇನ್ನೆಷ್ಟು ದಿನಕ್ಕೆ ಏಳುತ್ತಾಳೋ, ಎದ್ದರೂ ಬಾಯಿ ಬಿಡುತ್ತಾಳೋ ಇಲ್ಲವೋ. ಹುಡುಕಿಕೊಂಡೇ ಹೋಗಿದ್ದ ಅಂತ ತೋರಿಸಲು ಆಗದಿದ್ದರೆ ನಾಳೆ ಜಾಮೀನು ಕೇಳುತ್ತಾನೆ, ಸಿಗಲೂಬಹುದು. ಅವನಿಗೆ ಆ ಜಾಗ ಹೇಗೆ ಗೊತ್ತಾಯಿತು? ನಿನಗೇನಾದರೂ ಗೊತ್ತೇ?"

ಸುಶೀಲಾ ತುಟಿ ಮುಟ್ಟಿಕೊಂಡಳು. ನೋವಾಗುತ್ತಿದೆ ಅಂತ ತಲೆಯಾಡಿಸಿದಳು. ಮಿರಿಯಾಮಾ ತನ್ನ ನಂಬರು ಬರೆದ ಚೀಟಿ ಕೊಟ್ಟು, "ನಾಳೆ ಬೆಳಿಗ್ಗೆ ಹತ್ತಕ್ಕೆ ಕೋರ್ಟು," ಅಂತ ಹೇಳಿ ಹೋದಳು. ನಲವತ್ತೊಂದು ವರ್ಷದ ಚಾರ್ಜ್ ನರ್ಸ್, ಹತ್ತು ವರ್ಷದ ಹುಡುಗಿಯ ಹಾಗೆ ಬಾಯಿ ಮುಚ್ಚಿಕೊಂಡು ಕೂತಿದ್ದಳು.

ಮನೆ ಸೇರಿದಾಗ ಇನ್ನೂ ಬಿಸಿಲಿತ್ತು. ಚಪ್ಪಲಿ ಬಿಡದೆ ಅಡುಗೆಮನೆಗೆ ಹೋದಳು. ಡಬ್ಬಿ ಅಲ್ಲೇ ಇತ್ತು, ಮೇಲಿನ ಅಂತಸ್ತಿನಲ್ಲಿ ನಾಲ್ಕು ಫಿಜೋವಾ ಉಳಿದಿದ್ದವು. ಎತ್ತಿ ತಿರುವಿ ನೋಡಿದಳು. ಕೆಳಗಿನ ಅಂತಸ್ತಿನ ತಳದ ತಗ್ಗಿನಲ್ಲಿ, ಸ್ಟೀಲಿನದೇ ಬಣ್ಣದ ಟೇಪಿನ ಅಡಿಯಲ್ಲಿ, ಹಳೆಯ ರೂಪಾಯಿಯಷ್ಟಗಲದ ಬಿಳಿ ಬಿಲ್ಲೆ. ಕೀಲಿ ಕಳೆಯದಿರಲಿ ಅಂತ ಜನ ಗೊಂಚಲಿಗೆ ಹಾಕಿಕೊಳ್ಳುತ್ತಾರಲ್ಲ, ಎಲ್ಲಿದೆ ಅಂತ ಫೋನಿಗೆ ತಿಳಿಸುವ ಆ ಟ್ಯಾಗು. ದಾರಿಯಲ್ಲಿ ಫೋನು ಕೂಗಿ ಹೇಳಿದ್ದು ಇದನ್ನೇ, ಅಪರಿಚಿತ ಟ್ಯಾಗೊಂದು ನಿಮ್ಮ ಜೊತೆಗೇ ಬರುತ್ತಿದೆ ಅಂತ. ಅವಳು ಓದಿರಲಿಲ್ಲ.

ಉದಯಶಂಕರ್ ಸೈಕಲ್ ನಿಲ್ಲಿಸಿ ಒಳಗೆ ಬಂದವನು ಅವಳ ಮುಖ ನೋಡಿ ಹೌಹಾರಿದ. ಎಲ್ಲ ಕೇಳಿದ. ಕೇಳಿ, ಕುರ್ಚಿ ಎಳೆದು ಕೂತ.

"ಅದನ್ನ ಹೊಳ್ಯಾಗ ಒಗದ ಬಿಡು," ಅಂದ.

"ಏನಂದ್ರಿ?"

"ಸುಶೀ, ನನ್ನ ಮಾತ ಕೇಳು. ನೀ ರೋಗಿ ಇದ್ದ ಜಾಗಕ್ಕ ಆಕಿ ಗಂಡನ ಡಬ್ಬಿ ಒಯ್ದಿ ಅಂದ್ರ ನಿನ್ನ ಲೈಸೆನ್ಸ್ ಉಳಿಯೂದಿಲ್ಲ. ಇಪ್ಪತ್ತು ವರ್ಷ ನರ್ಸ್ ಆಗೇ ಬದುಕಿದಾಕಿ ನೀ. ಬ್ಯಾರೆ ಏನ್ ಆಗಿ ಬದುಕ್ತಿ? ಪೊಲೀಸರು ಅವನ್ನ ಹೆಂಗೂ ಬಿಡೂದಿಲ್ಲ."

"ಬಿಡ್ತಾರ. ನಾಳೆನ ಬಿಡ್ತಾರ. ಮುಂದಿನ ಸಲ ಅಕಿ ನನ್ನ ದವಾಖಾನಿಗೆ ಬರೂದಿಲ್ರಿ, ಸೀದಾ ಸುಡಗಾಡಿಗೆ ಹೋಗ್ತಾಳ."

"ಗೊತ್ತಿದ್ದು ಮಾಡೀಯೇನ್ ನೀ?"

"ಗೊತ್ತಿಲ್ದ ಮಾಡಿದ್ರ ಅಕಿ ದವಡಿ ಕೂಡಕೋತೈತೇನು?" ಸುಶೀಲಾ ಕೂಗಿದಳು. ಹೊಲಿಗೆ ಜಗ್ಗಿ ತುಟಿಯಿಂದ ರಕ್ತ ಜಿನುಗಿತು. "ನಾ ಒಯ್ದೆ ಅವನ್ನ ಅಲ್ಲಿಗೆ! ಈ ಕೈಲೇ ಹೊತಗೊಂಡು ಒಯ್ದೆ! ಹಬ್ಬ ಅಂತ, ಹೋಳಗಿ ಅಂತ! ಸೈಕಲ್ ಮ್ಯಾಲಿಂದ ಬಿದ್ದೆ ಅನ್ನೂದನ್ನ ನಮ್ಮ ಮನ್ಯಾಗ ಒಂದ ಸಲ ಕೇಳೇನಿ. ಸಾಕದು."

ಉದಯಶಂಕರನಿಗೆ ಆ ಕಥೆ ಗೊತ್ತಿತ್ತು. ಮಾವನ ತಲೆಯ ಗುರುತನ್ನೂ ನೋಡಿದ್ದ. ಎದ್ದು ಡಬ್ಬಿಯನ್ನು ಬರಿಗೈಯಲ್ಲಿ ಮುಟ್ಟದೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಳಿಸಿದ.

"ನೀ ಕಾರ್ ನಡಸಬ್ಯಾಡ, ತುಟಿ ಒರಸ್ಕೋ," ಅಂದ. "ನಾ ನಡಸ್ತೇನಿ."

ಠಾಣೆಯಲ್ಲಿ ಮಿರಿಯಾಮಾ ಒಂದೂ ಮಾತು ನಡುವೆ ಹಾಕದೆ ಕೇಳಿಸಿಕೊಂಡಳು. ವಿಳಾಸ ತನಗೆ ಗೊತ್ತಾದದ್ದು ನರ್ಸ್ ಆಗಿದ್ದರಿಂದ, ಡಬ್ಬಿ ಚಂದ್ರಮೌಳಿಯ ಕೈಯಿಂದ ತನ್ನ ಕೈಗೆ ಬಂದದ್ದು, ಆಸ್ಪತ್ರೆಯ ಬಾಗಿಲಲ್ಲಿ ಅವನು ಕನ್ನಡದಲ್ಲಿ ಹೇಳಿದ್ದು, ತಾನು ಬೋಗುಣಿಯಿಂದ ಹೊಡೆದ ಎರಡನೇ ಏಟು, ಎಲ್ಲವನ್ನೂ ಸುಶೀಲಾ ಬರೆಸಿದಳು. ಒಂದು ಶಬ್ದವನ್ನೂ ಮೆತ್ತಗೆ ಮಾಡಲಿಲ್ಲ. ಸಹಿ ಹಾಕುವ ಮುಂಚೆ ಮಿರಿಯಾಮಾ, "ಇದರಿಂದ ನಿನಗೇನಾಗಬಹುದು ಅಂತ ಗೊತ್ತಲ್ಲ?" ಅಂತ ಕೇಳಿದಳು. ಗೊತ್ತು ಅಂದು ಸಹಿ ಹಾಕಿದಳು.

ಟ್ಯಾಗಿನ ಮೇಲಿನ ಸಂಖ್ಯೆ ಚಂದ್ರಮೌಳಿಯ ಖಾತೆಗೆ ಹೋಗಿ ಮುಟ್ಟಿತು. ಕೋರ್ಟಿನಲ್ಲಿ ಜಾಮೀನು ಸಿಗಲಿಲ್ಲ. ಚಾರ್ಜುಗಳ ಪಟ್ಟಿ ಉದ್ದವಾಯಿತು: ಬೇಕೆಂದೇ ಗಾಯಪಡಿಸಿದ್ದು, ಕತ್ತು ಹಿಸುಕಿದ್ದು, ನರ್ಸನ್ನು ಹೊಡೆದದ್ದು. ಅದೇ ವಾರ ಸುಶೀಲಾಳನ್ನೂ ಕರೆದು, ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬೇಡ ಅಂದರು. ಅವಳು ಔಷಧಿ ಕಪಾಟಿನ ಬೀಗದಕೈ, ಫೋನು, ಎದೆಯ ಬಿಲ್ಲೆ ಎಲ್ಲ ಇನ್ನೊಬ್ಬಳ ಕೈಗಿಟ್ಟು, ಹಾಸಿಗೆ ಹಾಸಿಗೆಗೂ ಕರೆದೊಯ್ದು ರೋಗಿಗಳ ವಿವರ ಹೇಳಿ, ಹುಬ್ಬಳ್ಳಿಯಲ್ಲಿ ಕಲಿತ ಹಾಗೆ ಕ್ರಮವಾಗಿ ಚಾರ್ಜ್ ಕೊಟ್ಟು ಬಂದಳು. ಕಾರಿನಲ್ಲಿ ಕೂತು ಅತ್ತಳು. ಕನ್ನಡದವರ ವಾಟ್ಸಾಪ್ ಗುಂಪು ಅವಳ ಪಾಲಿಗೆ ಮೂಕವಾಯಿತು. ಒಬ್ಬ ಆಂಟಿ ಮಾತ್ರ ಫೋನ್ ಮಾಡಿ, "ಗಂಡ-ಹೆಂಡತಿ ಜಗಳ ನಿನಗ್ಯಾಕೆ ಬೇಕಿತ್ತಮ್ಮ?" ಅಂದರು. "ನಿಮ್ಮ ಮಗಳ ಎದಿ ಮ್ಯಾಲೆ ಬೂಟಿನ ಅಚ್ಚು ಮೂಡ್ಲಿ, ಆಗ ಹೇಳ್ತೇನ್ರಿ," ಅಂದು ಸುಶೀಲಾ ಫೋನಿಟ್ಟಳು. ಇಟ್ಟ ಮೇಲೆ ಅಂಥ ಮಾತು ಆಡಬಾರದಿತ್ತು ಅನಿಸಿತು, ಮತ್ತೆ ಫೋನ್ ಮಾಡಲಿಲ್ಲ.

ಹನ್ನೆರಡನೇ ದಿನ ವೇದಾಗೆ ಎಚ್ಚರವಾಯಿತು ಅಂತ ಜೂನ್ ಹೇಳಿ ಕಳಿಸಿದಳು. ಸುಶೀಲಾಳನ್ನು ನೋಡಬೇಕು ಅಂತ ವೇದಾಳೇ ಬರೆದು ತೋರಿಸಿದ್ದಳಂತೆ. ಸುಶೀಲಾ ವೆಲ್ಲಿಂಗ್ಟನ್ನಿಗೆ ಹೋದಳು. ಯೂನಿಫಾರ್ಮ್ ಇಲ್ಲದೆ ವಾರ್ಡಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ವೇದಾಳ ದವಡೆಗೆ ತಂತಿ ಕಟ್ಟಿದ್ದರು. ಮಾತಿಲ್ಲ. ಎಡಗೈಯಲ್ಲಿ ಪೆನ್ನು, ತೊಡೆಯ ಮೇಲೆ ಪುಸ್ತಕ.

ಸುಶೀಲಾ ಕೂರಲಿಲ್ಲ. ನಿಂತುಕೊಂಡೇ ಹೇಳಿದಳು. ಆ ಡಬ್ಬಿ ತನ್ನದಲ್ಲ ಅಂತ. ಯಾರದು ಅಂತ. ಅದರ ತಳದಲ್ಲಿ ಏನಿತ್ತು ಅಂತ. "ಅವಗ ದಾರಿ ತೋರಿಸಿದಾಕಿ ನಾನ ವೇದಾ. ಬೈತಿದ್ರ ಬೈ, ಉಗ್ಳತಿದ್ರ ಉಗುಳು. ನಾ ಹೋಗೂದಿಲ್ಲ."

ವೇದಾ ಬೈಯಲಿಲ್ಲ. ಎಡಗೈಯಲ್ಲಿ, ಚಿಕ್ಕ ಮಕ್ಕಳು ತಿದ್ದುವಂಥ ಸೊಟ್ಟ ಅಕ್ಷರಗಳಲ್ಲಿ ಬರೆದು ಪುಸ್ತಕ ತಿರುಗಿಸಿದಳು.

"ಗೊತ್ತು. ತೊಳೆಯುವಾಗ ತಳದ ಟೇಪು ನೋಡಿದೆ. ಡಬ್ಬಿ ನಮ್ಮ ಮನೆಯದು."

"ನೋಡಿದ್ಯಾ? ನೋಡಿ ಸುಮ್ನಿದ್ಯಾ? ಯಾಕ?"

ವೇದಾ ಮತ್ತೆ ಬರೆದಳು, ಈ ಸಲ ತುಂಬ ಹೊತ್ತು. "ಹಬ್ಬದ ದಿನ ಅಷ್ಟು ದೂರದಿಂದ ನನಗೋಸ್ಕರ ಬಂದಿದ್ದಿರಿ. ಹೇಳಿದರೆ ನಿಮ್ಮ ಮುಖ ಹೇಗಾಗುತ್ತೋ ಅಂತ ಬಾಯಿ ಬರಲಿಲ್ಲ. ಬುಧವಾರ ಜೂನ್ ಬಂದು ಬೇರೆ ಕಡೆ ಕರೆದುಕೊಂಡು ಹೋಗುವವಳಿದ್ದಳು. ಎರಡು ದಿನ ತಾನೇ ಅಂದುಕೊಂಡೆ."

ಸುಶೀಲಾ ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಅವಳಿಗೆ ಬಂದದ್ದು ಅಳು ಅಲ್ಲ, ಸಿಟ್ಟು. ಮೂವತ್ತು ವರ್ಷದ ಸಿಟ್ಟು, ವಾರ್ಡೆಲ್ಲ ತಿರುಗಿ ನೋಡುವಂಥದ್ದು.

"ಹುಚ್ಚೀ! ನನ್ನ ಮುಖ ಸಣ್ಣ ಆಗಬಾರ್ದು ಅಂತ ನೀ ಜೀವಾ ಕೊಡಾಕ ಕುಂತಿದ್ಯಾ? ಯಾರ ಕಲಿಸಿದ್ರ ನಿನಗ ಇದನ್ನ? ಹೇಳ್ಬೇಕಿತ್ತ! ನನ್ನ ಕಪಾಳಕ್ಕ ಹೊಡದು ಹೇಳ್ಬೇಕಿತ್ತ! ನಮ್ಮಪ್ಪನೂ ಹಿಂಗ, ನೀನೂ ಹಿಂಗ. ಏಟು ತಿನ್ನೂದು ನಾವು, ನಾಚಿಕೊಳ್ಳೂದೂ ನಾವ ಏನ?"

ಕೂಗುತ್ತ ಕೂಗುತ್ತ ಮಂಚದ ಅಂಚಿಗೆ ಕುಸಿದಳು. ಆಗ ಬಂತು ಅಳು. ವೇದಾ ಪ್ಲಾಸ್ಟರಿನ ಕೈಯನ್ನು ಅವಳ ತಲೆಯ ಮೇಲಿಟ್ಟಳು. ಹೊಸ ಪ್ಲಾಸ್ಟರು ಭಾರವಾಗಿತ್ತು.

ಹನ್ನೊಂದು ಗಂಟೆಗೆ ಮಿರಿಯಾಮಾ ಬಂದಳು. ಇವತ್ತು ಹೇಳಿಕೆ ಕೊಡುವುದಾದರೆ ಕೊಡು, ಇಲ್ಲದಿದ್ದರೆ ಇನ್ನೊಂದು ದಿನವಾದರೂ ಆದೀತು ಅಂದಳು. ಅನುವಾದಕಿಯೊಬ್ಬಳನ್ನು ಫೋನಿನಲ್ಲಿ ಇಟ್ಟುಕೊಂಡಿದ್ದಳು. ಸುಶೀಲಾ ಅಲ್ಲಿ ಇರುವಂತಿಲ್ಲ, ಅವಳೂ ಸಾಕ್ಷಿ; ಚೀಲ ತೆಗೆದುಕೊಂಡು ಎದ್ದಳು. ಅಷ್ಟರಲ್ಲಿ ವೇದಾ ಅವಳ ಸೆರಗು ಹಿಡಿದೆಳೆದು, ಒಂದು ನಿಮಿಷ ಅಂತ ಬೆರಳು ತೋರಿಸಿ, ಹೊಸ ಹಾಳೆ ತಿರುವಿದಳು. ತಲೆ ತಗ್ಗಿಸಿ, ಹಲ್ಲಿಗೆ ಕಟ್ಟಿದ ತಂತಿಯ ಸಂದಿಯಿಂದ ಉಸಿರೆಳೆಯುತ್ತ, ಪೆನ್ನನ್ನು ಹಾಳೆ ಹರಿಯುವಷ್ಟು ಒತ್ತಿ ಮೊದಲ ಸಾಲು ಬರೆದಳು. ಬರೆದದ್ದನ್ನು ಪೊಲೀಸಿಗೆ ತೋರಿಸುವ ಮುಂಚೆ ಸುಶೀಲಾಳ ಕಡೆ ತಿರುಗಿಸಿದಳು.

"ನಾನು ಬೀಳಲಿಲ್ಲ. ಮೊದಲನೇ ಸಲವೂ ಬಿದ್ದಿರಲಿಲ್ಲ," ಅಂತ ಇತ್ತು.